ನಕ್ಷತ್ರ ನೋಡಲು ಗುಡ್ಡೆ ಹತ್ತಿ

ಕಾಸರಗೋಡಿನವರೇ, ಅಂಗಳದಿಂದ ನೋಡಿದರೆ ಕಂಗು-ತೆಂಗು ಅಡ್ಡ ಬರುತ್ತದೆ, ಅಲ್ವಾ? ಫೆಬ್ರವರಿ ಮಧ್ಯದಲ್ಲಿ, ಚಂದ್ರನಿಲ್ಲದ ರಾತ್ರಿ 8.30ರ ಹೊತ್ತಿಗೆ ಹತ್ತಿರದ ಬೋಳು ಗುಡ್ಡೆಗೆ ಹೋಗಿ. 20 ನಿಮಿಷ ಮೊಬೈಲ್ ಜೇಬಿನಲ್ಲೇ ಇರಲಿ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು.

ದಕ್ಷಿಣಕ್ಕೆ ಮುಖ ಮಾಡಿ. ಮೇಲೆ ಥಳಥಳಿಸುವುದು ಲುಬ್ಧಕ, ಕೆಳಗೆ ಅಗಸ್ತ್ಯ. ನೋಡಲು ನೆರೆಮನೆಯವರ ಹಾಗೆ. ಆದರೆ ಲುಬ್ಧಕ 8.6 ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ದೂರ, ಅಗಸ್ತ್ಯ ಸುಮಾರು 310! ಹತ್ತಿರ ಇರುವುದಕ್ಕೇ ಲುಬ್ಧಕಕ್ಕೆ ಅಷ್ಟು ಮೆರುಗು. ಸ್ವಂತ ಬೆಳಕು ಅಗಸ್ತ್ಯಕ್ಕೇ ಎಷ್ಟೋ ಪಟ್ಟು ಜಾಸ್ತಿ. ಲಂಡನ್ನಿನಲ್ಲಿರುವ ಮಕ್ಕಳಿಗೆ ಸುಮ್ನೆ ಹೊಟ್ಟೆ ಉರಿಸಬೇಡಿ, ಅಲ್ಲಿಂದ ಅಗಸ್ತ್ಯ ಕಾಣುವುದೇ ಇಲ್ಲ.

ಧ್ರುವ ನಕ್ಷತ್ರ ನಮಗೆ ತುಂಬ ಕೆಳಗೆ, ಉತ್ತರ ದಿಗಂತಕ್ಕೆ ತಾಗುವ ಹಾಗೆ ಕೈ ಚಾಚಿ ಹಿಡಿದ ಮುಷ್ಟಿಗಿಂತ ಸ್ವಲ್ಪ ಮೇಲೆ. ಕಾಸರಗೋಡಿನ ಅಕ್ಷಾಂಶ 12.5 ಡಿಗ್ರಿ, ದಿಗಂತದಿಂದ ಧ್ರುವ ನಕ್ಷತ್ರದ ಎತ್ತರವೂ ಹೆಚ್ಚುಕಮ್ಮಿ ಅಷ್ಟೇ.