ಫುಟ್‌ಬಾಲ್ ಹುಚ್ಚಿನವರಿಗೆ ನಮ್ಮೂರಲ್ಲೇ ಮಾಡಿಸುವ ಉಡುಗೊರೆ

ಮನೆಯಲ್ಲೊಬ್ಬರು ಫುಟ್‌ಬಾಲ್ ಹುಚ್ಚಿನವರಿದ್ದರೆ ಹುಟ್ಟುಹಬ್ಬಕ್ಕೆ ಏನು ಕೊಡೋದು ಅನ್ನುವ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ. ಕ್ಲಬ್ ಲೋಗೋ ಇರುವ ಮಗ್, ಕೀಚೈನ್ ಅವರ ಹತ್ತಿರ ಆಗಲೇ ಇರುತ್ತವೆ. ಚಿಕ್ಕಮಗಳೂರಲ್ಲಿ ಕೂತು ಲಿವರ್‌ಪೂಲ್‌ಗೋ ಬಾರ್ಸಿಲೋನಾಗೋ ಜೀವ ಬಿಡುವವರಿದ್ದಾರೆ. ಬೆಂಗಳೂರು ಎಫ್‌ಸಿ ಆಟ ನೋಡಲು ಬಸ್ ಹತ್ತಿ ಕಂಠೀರವ ಸ್ಟೇಡಿಯಂಗೆ ಹೋಗಿ ಬರುವವರಿದ್ದಾರೆ. ಅವರು ನಿದ್ದೆಗೆಟ್ಟು ನೋಡಿದ ಒಂದು ಪಂದ್ಯ, ಅದರ ಜೊತೆ ಅವರ ಹೆಸರು. ಇವೆರಡೂ ಸೇರಿದರೆ ಆ ವಸ್ತುವನ್ನು ಅವರು ವರ್ಷಾನುಗಟ್ಟಲೆ ಜೋಪಾನ ಮಾಡುತ್ತಾರೆ. ಅದಕ್ಕೆ ದೂರದಿಂದ ಏನೂ ತರಿಸಬೇಕಿಲ್ಲ. ಪೇಟೆಯ ಫೋಟೋ ಸ್ಟುಡಿಯೋ, ಪಾತ್ರೆ ಅಂಗಡಿ, ಫ್ರೇಮ್ ಹಾಕುವವರು, ಇಷ್ಟು ಸಾಕು.

ಮೊದಲು ಪಂದ್ಯ ಹಿಡಿಯಿರಿ

ಯಾವ ಕ್ಲಬ್ ಅಂತ ಎಲ್ಲರಿಗೂ ಗೊತ್ತಿರುತ್ತದೆ. ಯಾವ ಪಂದ್ಯದಿಂದ ಆ ಕ್ಲಬ್ ಮೇಲೆ ಪ್ರೀತಿ ಹುಟ್ಟಿತು ಅನ್ನೋದು ಗೆಳೆಯರಿಗೆ ಮಾತ್ರ ಗೊತ್ತು. ಅವರನ್ನು ಕೇಳಿ. ಲಿವರ್‌ಪೂಲ್‌ನವರಾದರೆ 2005ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್ ಇರಬಹುದು. ಮಿಲಾನ್ ಎದುರು ಅರ್ಧ ಆಟಕ್ಕೆ 0–3 ಹಿಂದಿದ್ದವರು 3–3 ಮಾಡಿ, ಪೆನಾಲ್ಟಿಯಲ್ಲಿ ಗೆದ್ದ ರಾತ್ರಿ ಅದು. ಆರ್ಸೆನಲ್‌ನವರಿಗೆ ಒಂದೇ ಪಂದ್ಯ ಆರಿಸುವುದು ಕಷ್ಟ. ಅವರಿಗೆ 2003–04ರ ಇಡೀ ಪ್ರೀಮಿಯರ್ ಲೀಗ್ ಬೇಕು: 38 ಪಂದ್ಯ, 26 ಗೆಲುವು, 12 ಡ್ರಾ, ಒಂದೂ ಸೋಲಿಲ್ಲ. ಬೆಂಗಳೂರು ಎಫ್‌ಸಿಯವರಿಗೆ 2019ರ ಮಾರ್ಚ್ 17 ಅಂದರೆ ಸಾಕು. ಮುಂಬೈನಲ್ಲಿ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು. ಕ್ಲಬ್‌ಗೆ ಮೊದಲ ಐಎಸ್‌ಎಲ್ ಕಪ್ ಬಂದಿದ್ದೇ ಆ ಒಂದು ಗೋಲಿನಿಂದ.

ದಿನಾಂಕದಲ್ಲಿ ಜೋಪಾನ. ಯುರೋಪಿನ ರಾತ್ರಿ ಪಂದ್ಯ ನಮಗೆ ಮಧ್ಯರಾತ್ರಿ ದಾಟಿದ ಮೇಲೆ ಬರುತ್ತದೆ. ಇಸ್ತಾಂಬುಲ್ ಫೈನಲ್ ನಡೆದದ್ದು ಮೇ 25ಕ್ಕೆ, ನಮ್ಮವರು ನೋಡಿದ್ದು ಮೇ 26ರ ಬೆಳಗಿನ ಜಾವ. ಉಡುಗೊರೆ ಮೇಲೆ ಪಂದ್ಯ ನಡೆದ ಊರಿನ ದಿನಾಂಕವನ್ನೇ ಹಾಕಿಸಿ. ಅಭಿಮಾನಿ ಮೊದಲು ನೋಡುವುದು ಅದನ್ನೇ.

ಇನ್ನೊಂದು ಮಾತು. ಈಗ ಆಡುತ್ತಿರುವ ಆಟಗಾರರ ಹೆಸರು ಹಾಕಿಸುವ ಮುಂಚೆ ಯೋಚಿಸಿ. ಮುಂದಿನ ವರ್ಷ ಅವರು ಬೇರೆ ಕ್ಲಬ್‌ಗೆ ಹೋಗಿರಬಹುದು. ಅಭಿಮಾನಿಯ ಸ್ವಂತ ಹೆಸರು, ಇಲ್ಲವೇ ಲಿವರ್‌ಪೂಲ್‌ನ ಜೆರಾರ್ಡ್ ಅವರ 8, ಆರ್ಸೆನಲ್‌ನ ಆನ್ರಿ ಅವರ 14, ಬೆಂಗಳೂರು ಎಫ್‌ಸಿಯ ಛೆಟ್ರಿ ಅವರ 11ರಂತೆ ಕ್ಲಬ್ ಜೊತೆ ಬೆರೆತುಹೋದ ನಂಬರ್ ಆದರೆ ಹಳೆಯದಾಗುವುದಿಲ್ಲ.

ಲೋಟದ ಮೇಲೆ ಬರೆಸಿ

ನಮ್ಮೂರಲ್ಲಿ ಕಾಫಿ ಕುಡಿಯೋದು ಸ್ಟೀಲ್ ಲೋಟದಲ್ಲಿ ಅಲ್ವಾ? ಹಾಗಿದ್ದರೆ ಅದರ ಮೇಲೇ ಬರೆಸಿ. ನನಗೆ ತುಂಬಾ ಇಷ್ಟವಾದ ಉಡುಗೊರೆ ಇದು. ಮದುವೆ, ಗೃಹಪ್ರವೇಶದ ಪಾತ್ರೆಗಳಿಗೆ ಹೆಸರು ಹಾಕಿಕೊಡುವವರು ಪಾತ್ರೆ ಅಂಗಡಿಗಳಲ್ಲಿ ಸಿಗುತ್ತಾರೆ. ಕೈಯಲ್ಲಿ ಹಿಡಿಯುವ ಸಣ್ಣ ಮಿಷನ್ ಅದು. ಅದರ ಮೊನೆ ಗಿರ್ರೆಂದು ಕುಟ್ಟುತ್ತಾ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತದೆ. ಬರೆಯುವುದೆಲ್ಲ ಕೈಬರಹದಲ್ಲೇ. ಹಾಗಾಗಿ ಏನು ಬೇಕೋ ಅದನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡಿ, ಸುಮ್ನೆ ಬಾಯಲ್ಲಿ ಹೇಳಿ ಬರಬೇಡಿ. ಎರಡು ಸಾಲು ಸಾಕು. ಮೇಲೆ ಹೆಸರು, ಕೆಳಗೆ ‘17-3-2019, 117ನೇ ನಿಮಿಷ’. ಲೋಟದ ಅಂಚಿನಿಂದ ಎರಡು ಬೆರಳು ಕೆಳಗೆ ಬರೆಸಿದರೆ ತುಟಿಗೆ ತಾಗುವುದಿಲ್ಲ. ಎಷ್ಟು ಉಜ್ಜಿ ತೊಳೆದರೂ ಅಳಿಸುವುದಿಲ್ಲ.

ಮಗ್ಗೇ ಬೇಕು ಅಂದರೆ ಸ್ಟುಡಿಯೋಗೆ ಹೋಗಿ. ಮನೆಯಲ್ಲಿರುವ ಸಾದಾ ಮಗ್ ಒಯ್ದರೆ ಆಗುವುದಿಲ್ಲ. ಮೇಲೆ ಪಾಲಿಯೆಸ್ಟರ್ ಲೇಪನ ಇರುವ ಮಗ್ ಮಾತ್ರ 180ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬಣ್ಣ ಹೀರಿಕೊಳ್ಳುತ್ತದೆ. ಬಲಗೈಯಲ್ಲಿ ಹಿಡಿದರೆ ಕುಡಿಯುವವರ ಕಣ್ಣಿಗೆ ಕಾಣುವ ಕಡೆಯೇ ಹೆಸರು ಬರಲಿ ಅಂತ ಮೊದಲೇ ಹೇಳಿ.

ಕನ್ನಡ ಅಕ್ಷರ ಒಡೆಯದಂತೆ

ನಮ್ಮ ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ಅಂಗಡಿಯ ಕಂಪ್ಯೂಟರ್‌ನಲ್ಲಿ ಹಳೆಯ ಡಿಸೈನ್ ಸಾಫ್ಟ್‌ವೇರ್ ಇದ್ದರೆ ಮೊಬೈಲ್‌ನಿಂದ ಕಳಿಸಿದ ಕನ್ನಡ ಒಡೆದುಹೋಗುತ್ತದೆ. ಒತ್ತಕ್ಷರ ಒಂದು ಕಡೆ, ಕೊಂಬು ಇನ್ನೊಂದು ಕಡೆ ಕೂತಿರುತ್ತದೆ. ಅಂಗಡಿಯವರಿಂದಲೇ ‘ನುಡಿ’ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿ, ಪ್ರಿಂಟ್ ಕೊಡುವ ಮೊದಲು ಪರದೆಯ ಮೇಲೆ ಅಕ್ಷರ ಅಕ್ಷರ ಓದಿ. ಫೋಟೋ ಕಳಿಸುವುದಾದರೆ ವಾಟ್ಸ್ಯಾಪ್‌ನಲ್ಲಿ ಚಿತ್ರವಾಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಫೋಟೋದ ಗುಣಮಟ್ಟ ಇಳಿದುಬಿಡುತ್ತದೆ. 8 ಇಂಚು ಅಗಲದ ಪ್ರಿಂಟ್‌ಗೆ 2400 ಪಿಕ್ಸೆಲ್ ಅಗಲದ ಫೋಟೋ ಇದ್ದರೆ ಚೊಕ್ಕವಾಗಿ ಬರುತ್ತದೆ.

ಜೆರ್ಸಿ ಮೇಲೆ ಹೆಸರು

ಜೆರ್ಸಿ ಬೆನ್ನಿಗೆ ಕನ್ನಡದಲ್ಲಿ ಹೆಸರು ಹಾಕಿಸಿದರೆ ಅದರ ಖುಷಿಯೇ ಬೇರೆ. ಆದರೆ ಇಂಗ್ಲಿಷ್ ಅಕ್ಷರದ ಅಳತೆ ನಮಗೆ ಹೊಂದುವುದಿಲ್ಲ. ‘ಪುಟ್ಟಸ್ವಾಮಿ’ ಅಂತ ಬರೆಸಿ ನೋಡಿ. ಟ ಒತ್ತು, ವ ಒತ್ತು ಎರಡೂ ಕೆಳಗಿಳಿದು ನಂಬರಿನ ತಲೆಗೆ ತಾಗುತ್ತವೆ. ಹೆಸರಿಗೂ ನಂಬರಿಗೂ ನಡುವೆ ಒಂದು ಇಂಚು ಜಾಸ್ತಿ ಜಾಗ ಬಿಡಿಸಿ.

ಕೆಂಪು ಜೆರ್ಸಿಗೆ ಬಿಳಿ ಅಕ್ಷರ ಹಾಕಿಸುವವರು ಇನ್ನೊಂದು ವಿಷಯ ಗಮನಿಸಿ. ಪಾಲಿಯೆಸ್ಟರ್ ಬಟ್ಟೆಯ ಕೆಂಪು ಬಣ್ಣ ಇಸ್ತ್ರಿ ಬಿಸಿಗೆ ಮೇಲೆದ್ದು ಅಕ್ಷರಕ್ಕೆ ಇಳಿಯುತ್ತದೆ. ಮೊದಲ ದಿನ ಬಿಳಿಯಾಗಿದ್ದ ನಂಬರ್ ಆಮೇಲೆ ಗುಲಾಬಿ ಆಗುತ್ತದೆ. ಬಣ್ಣ ತಡೆಯುವ ಪದರ ಇರುವ ವಿನೈಲ್ (ಅಕ್ಷರ ಕತ್ತರಿಸಿ ಅಂಟಿಸುವ ಪ್ಲಾಸ್ಟಿಕ್ ಹಾಳೆ) ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಬೇರೆ ಅಂಗಡಿ ನೋಡಿ. ಹಾಕಿಸಿದ ಮೇಲೆ ಒಂದು ದಿನ ಬಿಟ್ಟು, ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಲ್ಲಿ ಒಗೆಯಬೇಕು. ಅಕ್ಷರದ ಮೇಲೆ ನೇರವಾಗಿ ಇಸ್ತ್ರಿ ಇಡಬಾರದು.

ಕ್ಲಬ್‌ಗಳ ಲಾಂಛನ ನೋಂದಾಯಿತ ಟ್ರೇಡ್‌ಮಾರ್ಕ್. ಅನುಮತಿ ಇಲ್ಲದೆ ಅದನ್ನು ಪ್ರಿಂಟ್ ಮಾಡಿ ಮಾರುವುದು ಕಾನೂನಿಗೆ ವಿರುದ್ಧ. ಅಂಗಡಿಯವರನ್ನು ಆ ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಕ್ಲಬ್ ಬಣ್ಣ, ನಂಬರ್, ದಿನಾಂಕ ಇದ್ದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ಮಲೆನಾಡಿನ ಮಳೆಗೆ ತಡೆಯುವ ಫ್ರೇಮ್

ಅವರು ವರ್ಷಗಟ್ಟಲೆ ಹಾಕಿಕೊಂಡು ಓಡಾಡಿದ ಹಳೆಯ ಜೆರ್ಸಿಯನ್ನು ಫ್ರೇಮ್ ಮಾಡಿಸಿ ಕೊಡುವುದು ಎಲ್ಲಕ್ಕಿಂತ ದೊಡ್ಡ ಉಡುಗೊರೆ ಅಂತ ನಾನು ನಂಬಿದ್ದೇನೆ. ಆದರೆ ಇಲ್ಲಿ ಜೂನ್ ಬಂತೆಂದರೆ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಫ್ರೇಮ್ ಒಳಗೆ ತೇವ ಸೇರಿದರೆ ಜೆರ್ಸಿ ಹಾಳಾದಂತೆಯೇ.

ಮೊದಲು ಜೆರ್ಸಿ ಒಗೆದು, ಗಂಜಿ ಹಾಕದೆ, ಪೂರ್ತಿ ಒಣಗಿಸಿ. ಬೆವರಿನ ಕಲೆ ಉಳಿದರೆ ಬೂಷ್ಟು ಅಲ್ಲಿಂದಲೇ ಶುರು. ಫ್ರೇಮ್‌ನವರ ಹತ್ತಿರ ಫೋಟೋ ಫ್ರೇಮ್ ಅಂತ ಹೇಳಬೇಡಿ, ಒಂದೂವರೆಯಿಂದ ಎರಡು ಇಂಚು ಆಳದ ಬಾಕ್ಸ್ ಫ್ರೇಮ್ ಬೇಕು ಅನ್ನಿ. ಬಟ್ಟೆ ಗಾಜಿಗೆ ತಾಗಬಾರದು, ತಾಗಿದ ಕಡೆ ತೇವ ನಿಲ್ಲುತ್ತದೆ. ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿಸಿದರೆ ಭಾರ ಕಡಿಮೆ, ಒಡೆಯುವ ಭಯವೂ ಕಡಿಮೆ. ಚೌಕಟ್ಟಿಗೆ ತೋಟದ ಸಿಲ್ವರ್ ಓಕ್ ಆಗುತ್ತದೆ, ಆದರೆ ಮರ ಚೆನ್ನಾಗಿ ಒಣಗಿರಬೇಕು.

ಜೆರ್ಸಿಯನ್ನು ಅಂಟು ಹಾಕಿ ಕೂರಿಸಲು ಬಿಡಲೇಬೇಡಿ. ಅಂಟು ಕೆಲವು ವರ್ಷಕ್ಕೆ ಹಳದಿಯಾಗಿ ಮುಂದಕ್ಕೆ ಕಾಣುತ್ತದೆ, ಕಿತ್ತರೆ ಬಟ್ಟೆ ಹರಿಯುತ್ತದೆ. ಫೋಮ್ ಬೋರ್ಡ್‌ಗೆ ಬಿಳಿ ಹತ್ತಿ ಬಟ್ಟೆ ಸುತ್ತಿ, ಅದರ ಮೇಲೆ ಜೆರ್ಸಿ ಹರಡಿ, ಜೆರ್ಸಿ ಬಣ್ಣದ್ದೇ ದಾರದಿಂದ ಭುಜ, ತೋಳಿನ ತುದಿ, ಕೆಳ ಅಂಚಿನಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕಿಸಿ. ಈ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಹೊಲಿಗೆ ಗೊತ್ತಿರುವ ಅಮ್ಮನೋ ಅತ್ತೆಯೋ ಕೈ ಹಾಕಿದರೆ ಇನ್ನೂ ಒಳ್ಳೆಯದು. ಕೆಳಗೆ ಸಣ್ಣ ಕಾರ್ಡಿನಲ್ಲಿ ಹೆಸರು, ಪಂದ್ಯ, ದಿನಾಂಕ ಬರೆಸಿ. ಮೂಲೆಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಕಾಣದಂತೆ ಇಡಿಸಿ, ಹಿಂಬದಿ ಹಲಗೆಗೆ ಮೊಳೆಯ ಬದಲು ಸ್ಕ್ರೂ ಹಾಕಿಸಿ. ಆಗ ಪ್ರತಿ ಮಳೆಗಾಲ ಮುಗಿದ ಮೇಲೆ ಬಿಚ್ಚಿ ಪೊಟ್ಟಣ ಬದಲಿಸಬಹುದು.

ಸಹಿ ಇರುವ ವಸ್ತು ಕೊಳ್ಳುವಾಗ

ಆಟಗಾರರ ಸಹಿ ಇರುವ ಜೆರ್ಸಿ, ಫೋಟೋ ಬೇಕಾದರೆ ಕ್ಲಬ್‌ನ ಸ್ವಂತ ಅಂಗಡಿಯಿಂದಲೇ ಕೊಳ್ಳಿ. ಪ್ರಮಾಣಪತ್ರ ಇದೆ ಅಂದಮಾತ್ರಕ್ಕೆ ನಂಬುವ ಹಾಗಿಲ್ಲ, ಅದನ್ನೂ ಪ್ರಿಂಟ್ ಮಾಡಬಹುದು. ಫೋಟೋದ ಮೇಲಿನ ಸಹಿಯನ್ನು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಅಚ್ಚು ಹಾಕಿದ್ದು.

ಅದಕ್ಕಿಂತ ಒಳ್ಳೆಯ ದಾರಿಯೂ ಇದೆ. ಅವರು ಸಂಜೆ ಜೊತೆಗೆ ಆಡುವ ಗೆಳೆಯರ ಹತ್ತಿರ ಹೊಸ 5ನೇ ಸೈಜಿನ ಚೆಂಡೊಂದರ ಮೇಲೆ ಪರ್ಮನೆಂಟ್ ಮಾರ್ಕರ್‌ನಿಂದ ಸಹಿ ಹಾಕಿಸಿ. ಒಣಗಿದ ಕಾಫಿ ಬೊಡ್ಡೆಯನ್ನು ಬಡಗಿಯ ಹತ್ತಿರ ಸ್ವಲ್ಪ ಗುಳಿ ತೆಗೆಸಿ ಪಾಲಿಶ್ ಮಾಡಿಸಿದರೆ ಚೆಂಡು ಕೂರಲು ಚೆಂದದ ಪೀಠ ಸಿಗುತ್ತದೆ.

ಫ್ರೇಮ್ ಕೆಲಸ ಮುಗಿಯಲು ದಿನ ಹಿಡಿಯುತ್ತದೆ, ಒಂದು ತಿಂಗಳು ಮುಂಚೆ ಕೊಟ್ಟುಬಿಡಿ. ಬೆಂಗಳೂರಿಗೋ ಹಾಸ್ಟೆಲ್‌ಗೋ ಬಸ್ಸಲ್ಲಿ ಒಯ್ಯುವುದಾದರೆ ಅಕ್ರಿಲಿಕ್ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕೀಳಿಸಬೇಡಿ, ಮೂಲೆಗಳಿಗೆ ರಟ್ಟು ಕಟ್ಟಿ. ಗೋಡೆಗೆ ನೇತು ಹಾಕುವಾಗ ಮಳೆ ನೀರು ಬಡಿಯುವ ಗೋಡೆ ಬಿಟ್ಟು, ಕಿಟಕಿಯ ಬಿಸಿಲು ಬೀಳದ ಒಳಗೋಡೆ ಆರಿಸಲು ಹೇಳಿ.