ಎದ್ದು ನಿಂತರೆ ಕಣ್ಣು ಕತ್ತಲೆ: ಅನುಮಾನವನ್ನು ನಾನು ಅಳೆದು ನೋಡಿದ ಬಗೆ

ಹಾಸಿಗೆಯಿಂದ ಎದ್ದರೆ ಕಣ್ಣು ಕತ್ತಲೆ ಬರುತ್ತಿತ್ತು. ಬಗ್ಗಿ ಏನಾದರೂ ಎತ್ತಿಕೊಂಡು ನೆಟ್ಟಗಾದರೆ ಮತ್ತೆ ಅದೇ. ಗೋಡೆ ಹಿಡಿದು ನಿಂತರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಬೇರೊಂದು ಅನುಮಾನ: ಇದು ಗೊತ್ತಾಗದಂತೆ ಬಂದುಹೋಗುತ್ತಿರುವ ಸಣ್ಣ ಪಾರ್ಶ್ವವಾಯುವೇ? ವಯಸ್ಸು ಅರವತ್ತು ದಾಟಿದೆ, ಬಿಪಿ ಮಾತ್ರೆ ವರ್ಷಗಳಿಂದ ನಡೆದಿದೆ. ಹೆದರುವುದಕ್ಕೆ ಅಷ್ಟು ಸಾಕಲ್ಲ.

ವೈದ್ಯರು ಮೊದಲು ಕೇಳಿದ್ದು, ತಲೆ ಸುತ್ತಿದಾಗ ನಿಮಗೆ ಆಗುವುದೇನು ಎಂದು. ಕೋಣೆಯೇ ಗಿರಗಿರನೆ ತಿರುಗುತ್ತದೆಯೋ, ಇಲ್ಲ ಬಿದ್ದೇ ಹೋಗುತ್ತೇನೆ ಎನ್ನಿಸುತ್ತದೆಯೋ? ಮಲಗಿದಲ್ಲೇ ಮಗ್ಗುಲು ಬದಲಿಸಿದರೆ ಬರುತ್ತದೆಯೋ? ಮಗ್ಗುಲು ಬದಲಿಸಿದಾಗ ಎಲ್ಲವೂ ತಿರುಗಿದಂತಾದರೆ ತೊಂದರೆ ಹೆಚ್ಚಾಗಿ ಒಳಗಿವಿಯದು. ನನಗೆ ಮಲಗಿದ್ದಾಗ ಏನೂ ಇಲ್ಲ, ಎದ್ದಾಗ ಮಾತ್ರ. ಹಾಗಾದರೆ ಅಳೆದು ತನ್ನಿ ಎಂದರು.

ಅಳೆಯುವ ಕ್ರಮ ಇಷ್ಟು. ಐದು ನಿಮಿಷ ಅಂಗಾತ ಮಲಗಿ ಬಿಪಿ ನೋಡಬೇಕು. ತೋಳಿನ ಪಟ್ಟಿ ಬಿಚ್ಚದೆ ಎದ್ದು ನಿಂತು ಒಂದನೇ ನಿಮಿಷಕ್ಕೊಮ್ಮೆ, ಮೂರನೇ ನಿಮಿಷಕ್ಕೊಮ್ಮೆ ಮತ್ತೆ ನೋಡಬೇಕು. ಪಟ್ಟಿ ಕಟ್ಟಿದ ತೋಳು ಎದೆಯ ಮಟ್ಟದಲ್ಲಿರಬೇಕು. ಜೋಲುಬಿಟ್ಟರೆ ಅಂಕಿ ಸುಳ್ಳೇ ಹೆಚ್ಚು ಬರುತ್ತದೆ. ಪಕ್ಕದಲ್ಲಿ ಒಬ್ಬರು ಇರಲೇಬೇಕು, ಹಿಂದೆ ಕುರ್ಚಿಯೂ ಇರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗ ರಕ್ತದೊತ್ತಡ ಕುಸಿಯುವ ತೊಂದರೆ. ಎದ್ದ ಮೊದಲ ಹದಿನೈದು ಸೆಕೆಂಡುಗಳಲ್ಲೇ ಕುಸಿದು ಚೇತರಿಸಿಕೊಳ್ಳುವ ಇನ್ನೊಂದು ಬಗೆಯೂ ಉಂಟು. ಯಂತ್ರ ಗಾಳಿ ತುಂಬಿ ಇಳಿಸುವಷ್ಟರಲ್ಲಿ ಅದು ಮುಗಿದೇ ಹೋಗಿರುತ್ತದೆ, ಆದ್ದರಿಂದ ಅಂಕಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಕಣ್ಣು ಕತ್ತಲೆ ಬಂದದ್ದು ಭ್ರಮೆಯಲ್ಲ.

ನನ್ನ ಪುಸ್ತಕದ ಒಂದು ಬೆಳಗಿನ ಸಾಲು: ಮಲಗಿದಾಗ 142/84, ನಾಡಿ 68, ನಿಂತ ಒಂದು ನಿಮಿಷಕ್ಕೆ 116/74, ನಾಡಿ 84. ಸಂಜೆಯ ಅಂಕಿಗಳಲ್ಲಿ ಇಷ್ಟು ಇಳಿತವಿರಲಿಲ್ಲ. ವೈದ್ಯರು ನಾಡಿಯನ್ನೇ ಹೆಚ್ಚು ಹೊತ್ತು ನೋಡಿದರು. ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆಗೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲೂ ಮಹಾಪಧಮನಿಯಲ್ಲೂ ಇರುವ ಒತ್ತಡದ ಗ್ರಾಹಕಗಳು ಅದನ್ನು ಗುರುತಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ನಾಳಗಳು ಬಿಗಿಯುತ್ತವೆ, ಹೃದಯ ಬೇಗ ಬಡಿಯುತ್ತದೆ. ಒತ್ತಡ ಇಳಿದರೂ ನಾಡಿ ಏರದಿದ್ದರೆ ನರಗಳ ಮೇಲೆ ಸಂಶಯ. ಹಳೆಯ ಮಧುಮೇಹ, ಪಾರ್ಕಿನ್ಸನ್ ಇದ್ದವರಲ್ಲಿ ಹೀಗಾಗುವುದುಂಟು. ನನ್ನ ನಾಡಿ ಏರುತ್ತಿತ್ತು. ಆದ್ದರಿಂದ ಹುಡುಕಾಟ ನೀರಿನ ಕೊರತೆ, ರಕ್ತಹೀನತೆ, ಮಾತ್ರೆಗಳ ಕಡೆಗೆ ಹೊರಳಿತು. ಕೊನೆಗೆ ಸಿಕ್ಕಿಬಿದ್ದದ್ದು ಮಾತ್ರೆ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ಮೊದಲಿನಿಂದ ಇತ್ತು. ಪ್ರಾಸ್ಟೇಟ್ ತೊಂದರೆಗೆ ಇನ್ನೊಬ್ಬ ವೈದ್ಯರು ಬರೆದ ಟ್ಯಾಮ್ಸುಲೋಸಿನ್ ಆಮೇಲೆ ಸೇರಿತ್ತು. ಒಂದು ನೀರು ಕಡಿಮೆ ಮಾಡುತ್ತದೆ, ಇನ್ನೊಂದು ನಾಳಗಳ ಬಿಗಿಯನ್ನೂ ಕೊಂಚ ಸಡಿಲಿಸಬಲ್ಲದು. ಎರಡೂ ಚೀಟಿಗಳನ್ನು ಒಟ್ಟಿಗೆ ನೋಡಿದವರು ಅದುವರೆಗೆ ಯಾರೂ ಇರಲಿಲ್ಲ.

ಇನ್ನು ಪಾರ್ಶ್ವವಾಯುವಿನ ಭಯ. ಎಂಆರ್‌ಐ ಮಾಡಿಸೋಣ ಎಂದು ಹಟ ಹಿಡಿದೆ. ವೈದ್ಯರು ನನ್ನನ್ನು ನಡೆಸಿ ನೋಡಿದರು, ಬೆರಳಿನಿಂದ ಮೂಗು ಮುಟ್ಟಿಸಿದರು, ಕಣ್ಣಿನ ಚಲನೆ, ಮಾತು, ಕೈಕಾಲಿನ ಬಲ ಪರೀಕ್ಷಿಸಿದರು, ಹೃದಯದ ಲಯಕ್ಕಾಗಿ ಇಸಿಜಿ ತೆಗೆಸಿದರು. ಆಮೇಲೆ ಹೇಳಿದ್ದು ಹೀಗೆ: ಲಕ್ಷಣ ತೋರಿಸದ ಪಾರ್ಶ್ವವಾಯು ಇರುವುದು ನಿಜ, ವಯಸ್ಸಾದವರ ಮಿದುಳಿನ ಚಿತ್ರದಲ್ಲಿ ಅಂಥ ಹಳೆಯ ಗುರುತುಗಳು ಅಪರೂಪವೇನಲ್ಲ. ಹಲವು ಕೆಲವೇ ಮಿಲಿಮೀಟರ್ ಅಗಲದವು. ಆದರೆ ಎದ್ದಾಗ ಮಾತ್ರ ಬಂದು, ಕೂತರೆ ಹೋಗುವ ಕತ್ತಲೆಗೆ ಅವು ಕಾರಣವಲ್ಲ. ಗುರುತು ಸಿಕ್ಕರೂ ಮುಖ್ಯ ಕೆಲಸ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಹತೋಟಿಯಲ್ಲಿಡುವುದು, ತಂಬಾಕು ಬಿಡುವುದು; ಅದನ್ನು ಈಗಲೇ ಮಾಡಿ. ಆ ಉತ್ತರ ಆಗ ನನಗೆ ಹಿಡಿಸಲಿಲ್ಲ. ಚಿತ್ರ ಕೈಗೆ ಬಂದರೆ ನೆಮ್ಮದಿ ಬರುತ್ತದೆ ಎಂಬುದು ನಮ್ಮೆಲ್ಲರ ನಂಬಿಕೆ ತಾನೇ.

ಇಕ್ಕಟ್ಟು ಇದ್ದದ್ದು ಇನ್ನೊಂದೆಡೆ. ತಲೆಸುತ್ತು ಹೋಗಲೆಂದು ಬಿಪಿ ಮಾತ್ರೆಯನ್ನೇ ಬಿಟ್ಟರೆ, ನಾನು ಹೆದರುತ್ತಿದ್ದ ಪಾರ್ಶ್ವವಾಯುವಿಗೆ ನಾನೇ ಬಾಗಿಲು ತೆರೆದಂತೆ. ಹತೋಟಿ ತಪ್ಪಿದ ಅಧಿಕ ರಕ್ತದೊತ್ತಡ ನಿಂತಾಗಿನ ಕುಸಿತವನ್ನೂ ಹೆಚ್ಚಿಸಬಲ್ಲದು. ವೈದ್ಯರು ಮೂತ್ರದ ಮಾತ್ರೆಯ ಬದಲು ಬೇರೊಂದು ಕೊಟ್ಟರು, ಬಿಪಿ ಗುರಿಯನ್ನು ಸಡಿಲಿಸಲಿಲ್ಲ.

ಉಳಿದದ್ದು ಅಭ್ಯಾಸ. ಏಳುವ ಮೊದಲು ಹಾಸಿಗೆಯ ಅಂಚಿನಲ್ಲಿ ಕೂತು ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತೇನೆ, ಮುಷ್ಟಿ ಬಿಗಿಯುತ್ತೇನೆ. ನಿಂತ ಮೇಲೆ ಕತ್ತಲೆಯ ಸುಳಿವು ಸಿಕ್ಕರೆ ಕಾಲು ಕತ್ತರಿಯಾಕಾರದಲ್ಲಿ ಹೆಣೆದು ತೊಡೆ ಬಿಗಿಯುತ್ತೇನೆ. ಆಗದಿದ್ದರೆ ನಾಚಿಕೆಯಿಲ್ಲದೆ ನೆಲದ ಮೇಲೇ ಕೂರುತ್ತೇನೆ. ಬೆಳಿಗ್ಗೆ ಎದ್ದೊಡನೆ ಎರಡು ಲೋಟ ನೀರು ಕುಡಿಯುತ್ತೇನೆ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಇದಕ್ಕೂ ಕೇಳಿಕೊಳ್ಳಬೇಕು. ರಾತ್ರಿ ಮೂತ್ರಕ್ಕೆ ಕೂತೇ ಹೋಗುತ್ತೇನೆ.

ಮುಖ ಒಂದು ಕಡೆ ಜೋಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಕೂತರೂ ಬಿಡದ ಸುತ್ತು, ಇದ್ದಕ್ಕಿದ್ದಂತೆ ಓಲಾಡುವ ನಡಿಗೆ: ಇವುಗಳಲ್ಲಿ ಒಂದು ಕಂಡರೂ ಬಿಪಿ ಯಂತ್ರ ಹುಡುಕದೆ, ಹತ್ತು ನಿಮಿಷದಲ್ಲಿ ಸರಿಹೋದರೂ ಬಿಡದೆ, ನನ್ನನ್ನು ನೇರವಾಗಿ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ ಎಂದು ಮನೆಯವರಿಗೆ ಹೇಳಿಟ್ಟಿದ್ದೇನೆ. ಲಕ್ಷಣ ಶುರುವಾದ ಗಂಟೆಯನ್ನು ಬರೆದುಕೊಳ್ಳಲೂ ಹೇಳಿದ್ದೇನೆ. ಹೆಪ್ಪು ಕರಗಿಸುವ ಔಷಧಿ ಕೊಡಬಹುದೇ ಎಂಬುದು ಬಹಳಮಟ್ಟಿಗೆ ಅದರ ಮೇಲೆಯೇ ನಿಂತಿದೆ.