ಓಹಾಯೋದಲ್ಲಿ ಮನೆ ಮಾಡಿರುವ ನಮ್ಮ ಕಡೆಯವರಿಗೆ: ಈ ಲೆವಿ ಅಂದರೆ ಏನು?

ಮನೆ ಪಟ್ಟಿ ಎಷ್ಟಿರಬೇಕು ಅಂತ ನಮ್ಮ ಊರಲ್ಲಿ ಯಾರೂ ನಮ್ಮನ್ನು ಕೇಳುವುದಿಲ್ಲ. ಬೆಳಗಾವಿ ಪಾಲಿಕೆಯ ಚಲನ್ ತೆಗೆದು ನೋಡಿ, ಗ್ರಂಥಾಲಯ ಕರ, ಭಿಕ್ಷುಕರ ಕರ ಎಲ್ಲಾ ಅದರಲ್ಲೇ ಸೇರಿರುತ್ತದೆ. ಏಪ್ರಿಲ್‌ನಲ್ಲೇ ತುಂಬಿ ಶೇ. 5 ರಿಯಾಯಿತಿ ತಗೊಂಡರೆ ಆ ವರ್ಷದ ಕೆಲಸ ಮುಗಿಯಿತು. ಅಮೆರಿಕದ ಓಹಾಯೋ ರಾಜ್ಯದಲ್ಲಿ ಹಾಗಲ್ಲ. ಲೈಬ್ರರಿಗೆ, ಪಾರ್ಕಿಗೆ, ಅಗ್ನಿಶಾಮಕ ದಳಕ್ಕೆ, ಎಲ್ಲಕ್ಕಿಂತ ಜಾಸ್ತಿ ಶಾಲೆಗೆ, ಹಣ ಬೇಕಾದವರು ಮತಪತ್ರದಲ್ಲಿ ಜನರನ್ನೇ ಕೇಳಬೇಕು. ಹಾಗೆ ಕೇಳಿ ಪಡೆಯುವ ಆಸ್ತಿ ತೆರಿಗೆಯೇ ಲೆವಿ.

ನಾನು ರಜೆಗೆ ತಿಲಕವಾಡಿಯ ಮನೆಗೆ ಬಂದಾಗಲೂ ಅಲ್ಲಿಂದ ಇದೇ ವಿಷಯಕ್ಕೆ ಫೋನ್ ಬರುತ್ತದೆ. ಬಾಗಲಕೋಟೆಯ ಹುಡುಗನೊಬ್ಬ, ಈಚೆಗೆ ಮನೆ ತಗೊಂಡವನು, "ಅಣ್ಣಾರ, ಮತ್ತ ಸಾಲಿ ಲೆವಿ ಬಂದೈತ್ರಿ. ಇವರಿಗೆ ಎಷ್ಟ್ ರೊಕ್ಕ ಕೊಟ್ರೂ ಸಾಲಂಗಿಲ್ಲೇನ್ರಿ?" ಅಂದ. ಪ್ರಶ್ನೆ ಸರಿಯಾಗಿಯೇ ಇದೆ.

ಮೊದಲು ಲೆಕ್ಕ. ಲೆವಿಯನ್ನು 'ಮಿಲ್'ನಲ್ಲಿ ಅಳೆಯುತ್ತಾರೆ. ಒಂದು ಮಿಲ್ ಅಂದರೆ ತೆರಿಗೆ ಬೆಲೆಯ ಪ್ರತಿ 1,000 ಡಾಲರಿಗೆ ಒಂದು ಡಾಲರ್. ತೆರಿಗೆ ಬೆಲೆ ಅಂದರೆ ಮನೆಯ ಪೂರ್ತಿ ಬೆಲೆಯಲ್ಲ, ಕೌಂಟಿ ಆಡಿಟರ್ (ನಮ್ಮ ಜಿಲ್ಲೆಯಂಥ ಕೌಂಟಿಯಲ್ಲಿ ಆಸ್ತಿಗಳಿಗೆ ಬೆಲೆ ಕಟ್ಟುವ ಅಧಿಕಾರಿ) ಕಟ್ಟಿದ ಬೆಲೆಯ ಶೇ. 35 ಮಾತ್ರ. ನಿಮ್ಮ ಮನೆಗೆ ಆಡಿಟರ್ 3 ಲಕ್ಷ ಡಾಲರ್ ಬೆಲೆ ಕಟ್ಟಿದ್ದರೆ ತೆರಿಗೆ ಬೆಲೆ 1,05,000. ಹೊಸದಾಗಿ 5 ಮಿಲ್ ಕೇಳಿದರೆ ವರ್ಷಕ್ಕೆ 525 ಡಾಲರ್ ಜಾಸ್ತಿ. ಇಷ್ಟು ಲೆಕ್ಕವೂ ಬೇಡ ಅನ್ನುವವರಿಗೆ, ಈಗ ಮತಪತ್ರದಲ್ಲೇ ಪ್ರತಿ ಒಂದು ಲಕ್ಷ ಡಾಲರ್ ಬೆಲೆಗೆ ಎಷ್ಟು ಬೀಳುತ್ತದೆ ಅಂತ ಬರೆದಿರುತ್ತಾರೆ.

ಇನ್ನು ಪದೇ ಪದೇ ಯಾಕೆ ಕೇಳುತ್ತಾರೆ? ಇದಕ್ಕೆ ಕಾರಣ 1976ರ ಒಂದು ಕಾನೂನು, ಹೌಸ್ ಬಿಲ್ 920. ಮನೆಗಳ ಬೆಲೆ ಏರಿತು ಅಂತ ಹಳೆಯ ಲೆವಿಯಿಂದ ಬರುವ ಹಣ ತಾನಾಗಿ ಏರಬಾರದು ಅನ್ನುವುದು ಅದರ ಲೆಕ್ಕಾಚಾರ. ಬೆಲೆ ಏರಿದಷ್ಟೂ ದರ ಇಳಿಯುತ್ತದೆ. ಹಲವು ಕಡೆ ಇದ್ದ ಮನೆಗಳಿಂದ ಹಳೆಯ ಲೆವಿಯಲ್ಲಿ ಶಾಲೆಗೆ ಬರುವ ಮೊತ್ತ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಮೇಷ್ಟ್ರುಗಳ ಸಂಬಳ, ಬಸ್ಸಿನ ಡೀಸೆಲ್ ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಶಾಲೆಯವರು ಮತ್ತೆ ನಿಮ್ಮ ಮುಂದೆ ಬರುತ್ತಾರೆ. ಅವರು ಬಂದಾಕ್ಷಣ ದುಂದು ಮಾಡಿದ್ದಾರೆ ಅಂತಲ್ಲ. ಮಾಡಿಲ್ಲ ಅಂತಲೂ ಅಲ್ಲ, ಅದನ್ನು ನೋಡಬೇಕು. ಶಾಲೆಗಳು ಆಸ್ತಿ ತೆರಿಗೆಯನ್ನೇ ಇಷ್ಟೊಂದು ನೆಚ್ಚಿಕೊಂಡಿರುವುದು ಸರಿಯಲ್ಲ ಅಂತ ಓಹಾಯೋದ ಸುಪ್ರೀಂ ಕೋರ್ಟೇ 1997ರಲ್ಲಿ ಹೇಳಿತ್ತು. ಆಮೇಲೂ ಲೆವಿಗಳು ಬರುತ್ತಲೇ ಇವೆ.

ಮತಪತ್ರದಲ್ಲಿ ನಾನು ಮೊದಲು ಹುಡುಕುವುದು ಎರಡು ಪದ. 'ರಿನ್ಯೂವಲ್' ಅಂತಿದ್ದರೆ ಈಗಾಗಲೇ ತುಂಬುತ್ತಿರುವುದನ್ನೇ ಮುಂದುವರಿಸುವುದು, ಹೊಸ ಹೊರೆ ಇಲ್ಲ. 'ಅಡಿಷನಲ್' ಅಂತಿದ್ದರೆ ಹೊಸದು. ಆಮೇಲೆ ಅವಧಿ: 5 ವರ್ಷವೋ, ಕೊನೆಯೇ ಇಲ್ಲದ್ದೋ. ಕಟ್ಟಡ ಕಟ್ಟಲು ಸಾಲ ಎತ್ತುವ 'ಬಾಂಡ್' ಬೇರೆ, ಅದರ ಹಣ ಮೇಷ್ಟ್ರ ಸಂಬಳಕ್ಕೆ ಹೋಗುವುದಿಲ್ಲ. ಅಂಗಳದಲ್ಲಿ ನೆಟ್ಟ ಪ್ರಚಾರದ ಬೋರ್ಡುಗಳಲ್ಲಿ ಇದ್ಯಾವುದೂ ಇರುವುದಿಲ್ಲ, ಅವನ್ನು ನೋಡಿ ತೀರ್ಮಾನ ಮಾಡಬೇಡಿ.

ಬಾಡಿಗೆ ಮನೆಯಲ್ಲಿ ಇದ್ದೇನೆ, ನನಗೇನು ಅನ್ನುವವರೂ ಇದ್ದಾರೆ. ಮಾಲೀಕ ತನ್ನ ಜೇಬಿನಿಂದ ತುಂಬುತ್ತಾನೆ ಅಂತ ನಂಬಿದ್ದರೆ ನಂಬಿ. ಅಲ್ಲದೆ ಕೆಲವು ಶಾಲಾ ಜಿಲ್ಲೆಗಳಲ್ಲಿ, ಅಂದರೆ ಒಂದೇ ಸ್ಕೂಲ್ ಬೋರ್ಡಿನ ಕೆಳಗೆ ಬರುವ ಪ್ರದೇಶಗಳಲ್ಲಿ, ಆದಾಯದ ಮೇಲೂ ತೆರಿಗೆ ಇದೆ, ಅದು ಬಾಡಿಗೆದಾರರಿಗೂ ಬೀಳುತ್ತದೆ. ಮನೆ ಹುಡುಕುವಾಗ ಶಾಲೆಯ ರೇಟಿಂಗ್ ನೋಡುತ್ತೀರಿ ಅಲ್ವಾ, ಈ ತೆರಿಗೆಯನ್ನೂ ನೋಡಿ.

ಈಗ ಓಟಿನ ಮಾತು. ಇದನ್ನು ಎರಡು ಸಲ ಓದಿ. ಲೆವಿಗೆ ಓಟು ಹಾಕುವ ಹಕ್ಕು ಅಮೆರಿಕದ ಪ್ರಜೆಗಳಿಗೆ ಮಾತ್ರ. ಎಚ್-1ಬಿ ಕೆಲಸದ ವೀಸಾ ಇರಲಿ, ಗ್ರೀನ್ ಕಾರ್ಡ್ ಇರಲಿ, ತೆರಿಗೆ ಎಷ್ಟೇ ತುಂಬುತ್ತಿರಲಿ, ಹೆಸರು ನೋಂದಾಯಿಸುವಂತಿಲ್ಲ. ಯಾರಾದರೂ ನಗುತ್ತಾ ಫಾರ್ಮ್ ಮುಂದಿಟ್ಟರೆ ಸುಮ್ನೆ ಸಹಿ ಹಾಕಿಬಿಡಬೇಡಿ. ಮುಂದೆ ಪೌರತ್ವಕ್ಕೆ ಅಡ್ಡ ಬರಬಹುದು, ದೇಶ ಬಿಡುವ ಪರಿಸ್ಥಿತಿಯೂ ಬರಬಹುದು. ಆದರೆ ಸ್ಕೂಲ್ ಬೋರ್ಡಿನ ಸಭೆಗಳಿಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಹೋಗಿ, ಹಣ ಎಲ್ಲಿ ಹೋಗುತ್ತಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಹೊಸದಾಗಿ ಪ್ರಜೆಗಳಾದವರು ಚುನಾವಣೆಗೆ 30 ದಿನ ಮೊದಲೇ ನೋಂದಣಿ ಮುಗಿಸಿರಬೇಕು.

ಮನೆ ತಗೊಂಡವರಿಗೆ ಇನ್ನೆರಡು ಕೆಲಸ. ಸ್ವಂತ ಮನೆಯಲ್ಲೇ ವಾಸವಿದ್ದರೆ 'ಓನರ್ ಆಕ್ಯುಪೆನ್ಸಿ ಕ್ರೆಡಿಟ್' ಅಂತ ಒಂದು ರಿಯಾಯಿತಿ ಇದೆ. ಬಿಲ್ಲಿನಲ್ಲಿ ಅದು ಕಾಣದಿದ್ದರೆ ಆಡಿಟರ್ ಕಚೇರಿಗೆ ಅರ್ಜಿ ಕೊಡಿ. ಮನೆಗೆ ಕಟ್ಟಿದ ಬೆಲೆಯೇ ಜಾಸ್ತಿ ಅನಿಸಿದರೆ ಕೌಂಟಿಯ ಬೋರ್ಡ್ ಆಫ್ ರಿವಿಷನ್‌ಗೆ ದೂರು ಕೊಡಬಹುದು, ಅದಕ್ಕೆ ಕೊನೆಯ ದಿನ ಮಾರ್ಚ್ 31.